‘ಏರ್‌ಪೋರ್ಟಿಗೆ ಹದಿನೈದೇ ನಿಮಿಷ’: ಊರಾಚೆಯ ಮನೆ ಮತ್ತು ಕೆಲವು ತಪ್ಪು ಕಲ್ಪನೆಗಳು

ಬೆಂಗಳೂರಿನಿಂದ ಯಾವ ಹೆದ್ದಾರಿ ಹಿಡಿದು ಹೊರಟರೂ ಮೂವತ್ತು ನಲವತ್ತು ಕಿಲೋಮೀಟರಿನವರೆಗೆ ಬಣ್ಣದ ಬಾವುಟಗಳು ಕಾಣುತ್ತವೆ. ಚುನಾವಣೆಯದಲ್ಲ, ಜಾತ್ರೆಯದೂ ಅಲ್ಲ, ಲೇಔಟಿನದು. ನಿನ್ನೆ ಮೊನ್ನೆಯವರೆಗೆ ರಾಗಿಯೋ ದ್ರಾಕ್ಷಿಯೋ ಬೆಳೆಯುತ್ತಿದ್ದ ಜಮೀನಿನ ಮುಂದೆ ಒಂದು ಸಿಮೆಂಟಿನ ಕಮಾನು, ಒಳಗೆ ಸುಣ್ಣ ಬಳಿದ ಗಡಿಕಲ್ಲುಗಳು, ಕಮಾನಿನ ಪಕ್ಕ ಒಂದು ದೊಡ್ಡ ಫಲಕ: ‘ಏರ್‌ಪೋರ್ಟಿಗೆ ಹದಿನೈದೇ ನಿಮಿಷ’. ಅಲ್ಲಿ ಸೈಟು ಕೊಳ್ಳುವವರು ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತಾರೋ ಗೊತ್ತಿಲ್ಲ. ದಿನಾ ಹೋಗಲೇಬೇಕಾದ ಕಚೇರಿಗೆ, ಮಗುವಿನ ಶಾಲೆಗೆ, ರಾತ್ರಿ ಹೊತ್ತು ತೆರೆದಿರುವ ಔಷಧಿ ಅಂಗಡಿಗೆ ಎಷ್ಟು ನಿಮಿಷ ಎಂಬುದನ್ನು ಮಾತ್ರ ಫಲಕ ಹೇಳುವುದಿಲ್ಲ.

ಊರಾಚೆ ಹೋಗಿ ನೆಲೆಸುವುದು ತಪ್ಪು ಎಂದು ವಾದಿಸಲು ನಾನು ಹೊರಟಿಲ್ಲ. ನಗರದೊಳಗೆ ಮೂವತ್ತು–ನಲವತ್ತರ ಸೈಟು ಸಂಬಳದವರ ಕೈಗೆ ಎಟುಕದೆ ಬಹಳ ಕಾಲವಾಯಿತು. ಹೋಗುವವರು ಬೇರೆ ದಾರಿಯಿಲ್ಲದೆಯೂ ಹೋಗುತ್ತಾರೆ, ಇಷ್ಟಪಟ್ಟೂ ಹೋಗುತ್ತಾರೆ. ಆದರೆ ಈ ನಿರ್ಧಾರದ ಹಿಂದೆ ಇರುವ ನಂಬಿಕೆಗಳಲ್ಲಿ ಹಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಇನ್ನು ಕೆಲವು, ಊರಾಚೆಯನ್ನು ಹೀಗಳೆಯುವವರ ನಂಬಿಕೆಗಳು, ಅಷ್ಟೇ ಪೊಳ್ಳು.

‘ಜಯನಗರವೂ ಒಂದು ಕಾಲಕ್ಕೆ ಕಾಡಾಗಿತ್ತು’

ಸೈಟು ಮಾರುವವರ ಬ್ರಹ್ಮಾಸ್ತ್ರ ಇದು. ಕೇಳಿದವರ ಕಣ್ಣ ಮುಂದೆ ಅಜ್ಜನ ಕಾಲದಲ್ಲಿ ಕೈಬಿಟ್ಟ ಯಾವುದೋ ಸೈಟು ಬಂದು ನಿಲ್ಲುತ್ತದೆ.

ಮಾತಿನ ಮೊದಲರ್ಧ ನಿಜವೇ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಲ್ಲಿ ಹಬ್ಬಿದ ಮೇಲೆ ಜನ ಬಸವನಗುಡಿ, ಮಲ್ಲೇಶ್ವರಗಳತ್ತ ಹೊರಟರು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಅದು ಊರಿಗೆ ದೂರವೇ. ಆದರೆ ಅವು ಬೆಳೆದದ್ದು ದೂರದಲ್ಲಿದ್ದವು ಎಂಬ ಕಾರಣಕ್ಕಲ್ಲ. ಒಂದು ಸಾರ್ವಜನಿಕ ಸಂಸ್ಥೆ ಮೊದಲು ನಕ್ಷೆ ಬರೆಯಿತು, ರಸ್ತೆಯ ಅಗಲ ಗೊತ್ತುಮಾಡಿತು, ಪಾರ್ಕಿಗೆ, ಶಾಲೆಗೆ, ಮಾರುಕಟ್ಟೆಗೆ ಜಾಗ ಬಿಟ್ಟಿತು, ಆಮೇಲೆ ಸೈಟು ಹಂಚಿತು. ಜಯನಗರದ ವಿಷಯದಲ್ಲಿ ಆ ಸಂಸ್ಥೆ 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, ಇಂದಿನ ಬಿಡಿಎಗೆ ಹಿಂದಿನದು. ಈಗಿನ ಬಾವುಟದ ಲೇಔಟುಗಳಲ್ಲಿ ಸೈಟು ಮೊದಲು, ಉಳಿದದ್ದು ಆಮೇಲೆ. ಒಬ್ಬರ ನಾಲ್ಕು ಎಕರೆ ಒಂದು ಲೇಔಟು, ಪಕ್ಕದವರ ಮೂರು ಎಕರೆ ಇನ್ನೊಂದು. ಒಂದರ ರಸ್ತೆ ಇನ್ನೊಂದರ ಕಾಂಪೌಂಡಿಗೆ ಹೋಗಿ ನಿಲ್ಲುತ್ತದೆ.

ಇನ್ನೊಂದು ಮಾತು. ಗೆದ್ದ ಬಡಾವಣೆಯ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಸೊರಗಿದ್ದರ ಹೆಸರು ಅಲ್ಲಿ ದುಡ್ಡು ಹಾಕಿದವರಿಗೆ ಮಾತ್ರ ನೆನಪಿರುತ್ತದೆ. ಸರ್ಕಾರಿ ಸಂಸ್ಥೆಯ ಹೆಸರಿದ್ದ ಮಾತ್ರಕ್ಕೆ ಭಯವಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಅರ್ಕಾವತಿ ಬಡಾವಣೆಗೆ ಮೊದಲ ಅಧಿಸೂಚನೆ ಹೊರಟದ್ದು 2003ರಲ್ಲಿ. ಸೈಟು ಹಂಚಿಕೆಯಾದವರಲ್ಲಿ ಎಷ್ಟೋ ಮಂದಿ ಕಚೇರಿಗೂ ಕೋರ್ಟಿಗೂ ಅಲೆಯುತ್ತಲೇ ನಿವೃತ್ತರಾದರು.

‘ಹತ್ತು ವರ್ಷದಲ್ಲಿ ದುಡ್ಡು ಡಬಲ್’

ಆಗಬಹುದು. ಮೂವತ್ತು ಲಕ್ಷ ಹತ್ತು ವರ್ಷಕ್ಕೆ ಅರವತ್ತಾದರೆ ಕೇಳಲು ಇಂಪಾಗಿರುತ್ತದೆ. ಚಕ್ರಬಡ್ಡಿಯ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಶೇ 7.2ರ ಬೆಳವಣಿಗೆ. ಸೈಟಿಗೆ ಮಾಡಿದ ಸಾಲದ ಬಡ್ಡಿ ಶೇ 8.5 ಇದ್ದರೆ ‘ಡಬಲ್’ ಆದ ಮೇಲೂ ನಷ್ಟವೇ. ನೋಂದಣಿಯ ಖರ್ಚು, ಕಂದಾಯ, ಬೇಲಿ, ಗಿಡಗಂಟಿ ಕೀಳಿಸಿದ ಕೂಲಿ ಬೇರೆ. ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಹಳ್ಳಿಯ ಕಡೆ ಕೊಂಡರೆ ಸ್ಟಾಂಪ್ ಡ್ಯೂಟಿ ಕಡಿಮೆ ಎಂದು ನಂಬಿದವರೂ ಇದ್ದಾರೆ. ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜು ನಗರದಲ್ಲಿ ಶೇ 2, ಗ್ರಾಮಾಂತರದಲ್ಲಿ ಶೇ 3! ಮೊತ್ತ ಚಿಕ್ಕದು, ಆದರೆ ನಂಬಿಕೆ ತಲೆಕೆಳಗು.

ಬೆಲೆ ಏರಿದೆ ಎಂದು ಹೇಳುವವರು ಬಹಳ. ಆ ಬೆಲೆಗೆ ಕೊಳ್ಳುವವರು ಸಿಕ್ಕ ದಿನವೇ ಅದು ಬೆಲೆ.

‘ದೂರ ಹೋದರೆ ದುಡ್ಡು ಉಳಿಯುತ್ತದೆ’

ಇದು ಬಹುಮಟ್ಟಿಗೆ ನಿಜ. ಊರಾಚೆಯನ್ನು ಬೈಯುವವರು ಪೆಟ್ರೋಲಿನ ಲೆಕ್ಕ ಮುಂದಿಟ್ಟು ‘ಉಳಿದದ್ದೆಲ್ಲ ಬಂಕಿಗೆ ಹೋಯಿತು’ ಎನ್ನುತ್ತಾರಲ್ಲ, ಆ ಲೆಕ್ಕವನ್ನು ಕೂತು ಬರೆದವರು ಕಡಿಮೆ.

ಬರೆಯೋಣ. ಕಚೇರಿಗೆ 12 ಕಿಲೋಮೀಟರ್ ದೂರದ ಮನೆಗೂ 35 ಕಿಲೋಮೀಟರ್ ದೂರದ ಮನೆಗೂ ಬೆಲೆಯಲ್ಲಿ 30 ಲಕ್ಷ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಇಪ್ಪತ್ತು ವರ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ಅದರ ತಿಂಗಳ ಕಂತು ಸುಮಾರು 26 ಸಾವಿರ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು, ತಿಂಗಳಿಗೆ 22 ದಿನ, ಪೆಟ್ರೋಲು ಲೀಟರಿಗೆ 103 ರೂಪಾಯಿ ಹಿಡಿದರೆ ದೂರದ ಮನೆಯವರಿಗೆ ಹತ್ತೂವರೆ ಸಾವಿರ, ಹತ್ತಿರದವರಿಗೆ ಮೂರು ಸಾವಿರದ ಆರುನೂರು. ಅಂತರ ಏಳು ಸಾವಿರ. ಗಂಡ ಹೆಂಡತಿ ಬೇರೆ ಬೇರೆ ಕಾರಿನಲ್ಲಿ ಹೋದರೂ ಹದಿನಾಲ್ಕು ಸಾವಿರ. ಕಾರಿನ ಸವೆತ, ಟೋಲು, ಶಾಲೆಯ ವ್ಯಾನು ಸೇರಿಸಿ. ಆದರೂ ಹಲವರಿಗೆ ಒಂದಿಷ್ಟು ಉಳಿಯುತ್ತದೆ.

ರೂಪಾಯಿಯ ಲೆಕ್ಕದಲ್ಲಿ ದೂರದ ಮನೆ ಗೆಲ್ಲುತ್ತದೆ. ಸೋಲುವುದು ಗಂಟೆಯ ಲೆಕ್ಕದಲ್ಲಿ. ಹೋಗಿ ಬರಲು ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 240 ಕೆಲಸದ ದಿನ ಎಂದರೆ 720 ಗಂಟೆ. ಹಗಲು ರಾತ್ರಿ ಸೇರಿಸಿ ಎಣಿಸಿದರೆ ಸರಿಯಾಗಿ ಮೂವತ್ತು ದಿನ. ವರ್ಷದಲ್ಲಿ ಒಂದು ಇಡೀ ತಿಂಗಳು ರಸ್ತೆಯ ಮೇಲೆ. ಈ ತಿಂಗಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಹಾಗಾಗಿಯೇ ಅದು ಯಾರ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ.

‘ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ’

ಮನುಷ್ಯ ಬಹಳಷ್ಟಕ್ಕೆ ಒಗ್ಗಿಕೊಳ್ಳುತ್ತಾನೆ. ಹೊಸ ಮನೆಯ ದೊಡ್ಡ ಹಾಲಿಗೆ ಆರು ತಿಂಗಳಲ್ಲಿ ಒಗ್ಗಿ ಅದು ಕಣ್ಣಿಗೇ ಬೀಳದಂತಾಗುತ್ತದೆ. ದಿನದ ಪ್ರಯಾಣ ಮಾತ್ರ ಹಾಗೆ ಮರೆಯಾಗುವುದಿಲ್ಲ, ಏಕೆಂದರೆ ಅದು ದಿನವೂ ಬೇರೆಯಾಗಿರುತ್ತದೆ. ಇವತ್ತು ಹೆಬ್ಬಾಳದಲ್ಲಿ ಮಳೆ ನೀರು, ನಾಳೆ ಸಿಲ್ಕ್ ಬೋರ್ಡಿನಲ್ಲಿ ಕೆಟ್ಟು ನಿಂತ ಲಾರಿ.

ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟಟ್ಜರ್ ಜರ್ಮನಿಯ ಕುಟುಂಬಗಳ ಸಮೀಕ್ಷೆಯ ಅಂಕಿಅಂಶಗಳನ್ನು ಹಿಡಿದು ಇದೇ ಪ್ರಶ್ನೆ ಕೇಳಿದರು. ಜನ ತೂಗಿ ನೋಡಿಯೇ ದೂರವನ್ನು ಆರಿಸಿಕೊಳ್ಳುವುದಾದರೆ, ಅಗ್ಗದ ಬಾಡಿಗೆಯೋ ಹೆಚ್ಚಿನ ಸಂಬಳವೋ ಆ ಕಷ್ಟವನ್ನು ಸರಿದೂಗಿಸಬೇಕಿತ್ತು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡದ್ದು ಹಾಗಲ್ಲ: ಹೆಚ್ಚು ಹೊತ್ತು ಪ್ರಯಾಣ ಮಾಡುವವರ ನೆಮ್ಮದಿ ಕಡಿಮೆಯೇ ಇತ್ತು. ಅದಕ್ಕೂ ಮೊದಲು, 2004ರಲ್ಲಿ, ಡೇನಿಯಲ್ ಕಾನ್‌ಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನದ ಒಂದೊಂದು ಕೆಲಸದಲ್ಲೂ ಮನಸ್ಸು ಹೇಗಿತ್ತು ಎಂದು ಬರೆಯಲು ಹೇಳಿದ್ದರು. ಪಟ್ಟಿಯ ತಳದಲ್ಲಿ ಇದ್ದದ್ದು ಬೆಳಗಿನ ಪ್ರಯಾಣ. ಟೆಕ್ಸಾಸಿನ ಅಗಲ ರಸ್ತೆಗಳಲ್ಲೇ ಹೀಗಾದರೆ ಮಾರತ್ತಹಳ್ಳಿಯ ಸೇತುವೆಯ ಕೆಳಗೆ ಕೇಳಿದ್ದರೆ ಏನು ಬರೆಯುತ್ತಿದ್ದರೋ!

ಪ್ರಯಾಣ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕಾರಿನ ಸ್ಟಿಯರಿಂಗ್ ಹಿಡಿದ ಒಂದೂವರೆ ಗಂಟೆ ಬೇರೆ, ರೈಲಿನ ಕಿಟಕಿ ಪಕ್ಕ ಕೂತ ಒಂದೂವರೆ ಗಂಟೆ ಬೇರೆ. ಇದಕ್ಕೆ ಮತ್ತೆ ಬರುತ್ತೇನೆ.

‘ಹಿರಿಯರಿಗೆ ನೆಮ್ಮದಿ, ಮಕ್ಕಳಿಗೆ ಬಯಲು’

ನನ್ನ ಮುಖ್ಯ ತಕರಾರು ಇಲ್ಲಿದೆ. ಊರಾಚೆಯ ಮನೆಯನ್ನು ಆರಿಸುವವರು ಒಬ್ಬರು, ಅದರ ದೂರವನ್ನು ಅನುಭವಿಸುವವರು ಇನ್ನೊಬ್ಬರು. ಆರಿಸುವವರು ಸಾಮಾನ್ಯವಾಗಿ ಕಾರು ಇರುವವರು, ಭಾನುವಾರ ಬೆಳಗ್ಗೆ ಹತ್ತಕ್ಕೆ ಖಾಲಿ ರಸ್ತೆಯಲ್ಲಿ ಸೈಟು ನೋಡಲು ಹೋದವರು. ಅನುಭವಿಸುವವರು ಮಧ್ಯಾಹ್ನ ಹಾಲು ಒಡೆದರೆ ಎರಡು ಕಿಲೋಮೀಟರ್ ನಡೆಯಬೇಕಾದವರು, ಆರೂವರೆಗೆ ಬರುವ ಶಾಲೆಯ ವ್ಯಾನಿಗೆ ಮಗುವನ್ನು ಐದಕ್ಕೇ ಎಬ್ಬಿಸುವವರು, ಗಾಡಿ ಓಡಿಸಲು ಬಾರದ ಅತ್ತೆ ಮಾವ.

ಹಳ್ಳಿಯಿಂದ ಬಂದ ಹಿರಿಯರಿಗೆ ಊರಾಚೆ ಹಿತ ಎಂದು ಮಕ್ಕಳು ಊಹಿಸುತ್ತಾರೆ. ಹಳ್ಳಿಯಲ್ಲಿ ಹಿರಿಯರಿಗೆ ಇದ್ದದ್ದು ಬಯಲಲ್ಲ, ಜನ. ಜಗುಲಿ, ಅಂಗಡಿ, ಕಟ್ಟೆ, ಹೆಸರು ಹಿಡಿದು ಕೂಗುವ ನಾಲ್ಕು ಮಂದಿ. ನೂರು ಸೈಟಿನ ಲೇಔಟಿನಲ್ಲಿ ಹನ್ನೆರಡು ಮನೆ ಎದ್ದಿದ್ದರೆ, ಅದರಲ್ಲಿ ಎಂಟಕ್ಕೆ ಹಗಲು ಹೊತ್ತು ಬೀಗ ಇದ್ದರೆ, ಅಲ್ಲಿರುವುದು ಮೌನ. ನಗರದ ಹಳೆಯ ಬಡಾವಣೆಯ ಪಾರ್ಕಿನ ಬೆಂಚು ಅವರ ಹಳ್ಳಿಗೆ ಇದಕ್ಕಿಂತ ಹತ್ತಿರ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಹೆದರಿಸುವವರು ಅತಿಯಾಗಿ ಹೆದರಿಸುತ್ತಾರೆ. ಹೃದಯಾಘಾತದಲ್ಲಿ ಮೊದಲ ಗಂಟೆ ಅಮೂಲ್ಯ, ನಿಜ. ಆದರೆ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡಿದೆ. ಹಾಗಾಗಿ ಕೇಳಬೇಕಾದ್ದು ‘ಜಯದೇವ ಎಷ್ಟು ದೂರ’ ಎಂದಲ್ಲ, ‘ತಾಲ್ಲೂಕು ಆಸ್ಪತ್ರೆ ಎಷ್ಟು ದೂರ’ ಎಂದು. ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ಪೇಟೆಯ ಪಕ್ಕದಲ್ಲಿರುವವರಿಗೆ ಇದರ ಉತ್ತರ ಸಮಾಧಾನಕರ. ಎರಡು ತಾಲ್ಲೂಕಿನ ಗಡಿಯ ಬಯಲಿನಲ್ಲಿ ಮನೆ ಕಟ್ಟಿದವರಿಗೆ ಅಲ್ಲ.

‘ಮೆಟ್ರೋ ಬಂದೇ ಬರುತ್ತದೆ, ರಿಂಗ್ ರೋಡೂ ಬರುತ್ತದೆ’

ಬರುತ್ತದೆ. ಯಾವಾಗ ಎಂಬುದೇ ಪ್ರಶ್ನೆ.

ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕದ್ದು 2014ರಲ್ಲಿ. ಅದರಲ್ಲಿದ್ದ ಆರ್.ವಿ. ರಸ್ತೆ–ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ಜನ ರೈಲು ಹತ್ತಿದ್ದು 2025ರ ಆಗಸ್ಟಿನಲ್ಲಿ. ಒಪ್ಪಿಗೆಯ ವರ್ಷ ಹುಟ್ಟಿದ ಮಗು ಆಗ ಮಾಧ್ಯಮಿಕ ಶಾಲೆಯಲ್ಲಿತ್ತು. ಉಪನಗರ ರೈಲಿನದು ಇನ್ನೂ ಉದ್ದದ ಕಥೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟ ನಾಲ್ಕು ಮಾರ್ಗ, 148 ಕಿಲೋಮೀಟರ್. 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ, 2022ರ ಜೂನಿನಲ್ಲಿ ಶಂಕುಸ್ಥಾಪನೆ, ನಲವತ್ತು ತಿಂಗಳಲ್ಲಿ ಮುಗಿಸುವ ಮಾತು. ನಲವತ್ತು ತಿಂಗಳು ಕಳೆದಾಗ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಪೆರಿಫೆರಲ್ ರಿಂಗ್ ರಸ್ತೆ ಎರಡು ದಶಕದಿಂದ ಕಾಗದದ ಮೇಲಿದೆ. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು ಬಂದಿದೆ.

ರಸ್ತೆ ಅಗಲವಾದರೆ, ಮೇಲ್ಸೇತುವೆ ಬಂದರೆ ಸಮಯ ಉಳಿಯುತ್ತದೆ ಎಂಬುದೂ ಇದೇ ಜಾತಿಯ ನಂಬಿಕೆ. ಹೊಸೂರು ರಸ್ತೆಯ ಮೇಲ್ಸೇತುವೆ ತೆರೆದದ್ದು 2010ರಲ್ಲಿ. ಮೇಲೆ ಹತ್ತು ಕಿಲೋಮೀಟರ್ ಸಲೀಸು, ಇಳಿದ ಕೂಡಲೇ ಸಿಲ್ಕ್ ಬೋರ್ಡು. ಅಮೆರಿಕದ ನಗರಗಳ ದಶಕಗಳ ಅಂಕಿಅಂಶ ನೋಡಿದ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಸಂಶೋಧಕರು 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿಯ ಉದ್ದ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು. ಹೊಸ ರಸ್ತೆಯ ಸುದ್ದಿ ಕೇಳಿ ಸೈಟು ಕೊಂಡವರು ನೀವೊಬ್ಬರೇ ಅಲ್ಲವಲ್ಲ. ಟಾಮ್‌ಟಾಮ್ ಸಂಸ್ಥೆಯ ಪಟ್ಟಿಯಲ್ಲಿ ಬೆಂಗಳೂರು 2019ರಲ್ಲಿ ಜಗತ್ತಿಗೇ ಮೊದಲು; 2024ರಲ್ಲಿ ಇಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ.

ಹಾಗಾದರೆ ಏನು ಮಾಡಬೇಕು? ಈಗ ಓಡುತ್ತಿರುವುದನ್ನು ನಂಬಿ ಮನೆ ಮಾಡಿ, ಮುಂದೆ ಓಡಲಿರುವುದನ್ನು ನಂಬಿ ಬೇಡ. ಮುಂದೆ ಬಂದದ್ದು ಲಾಭ.

‘ಖಾತೆ ಇದೆ, ಕನ್ವರ್ಷನ್ ಆಗಿದೆ, ಇನ್ನೇನು ಬೇಕು?’

ಊರಾಚೆಯ ಸಂಕಟಗಳಲ್ಲಿ ಕಣ್ಣಿಗೆ ಕಾಣದ್ದು, ಕಂಡಾಗ ಎಲ್ಲಕ್ಕಿಂತ ದುಬಾರಿಯಾದದ್ದು ಕಾಗದ. ಇಲ್ಲಿ ಒಂದಲ್ಲ, ನಾಲ್ಕೈದು ತಪ್ಪು ಕಲ್ಪನೆಗಳು ಒಂದರ ಮೇಲೊಂದು ಕೂತಿವೆ.

ಮೊದಲನೆಯದು, ಖಾತೆ ಎಂದರೆ ಒಡೆತನ ಎಂಬುದು. ಅಲ್ಲ. ಖಾತೆ, ಪಹಣಿಗಳು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂದು ಗುರುತು ಮಾಡುವ ದಾಖಲೆಗಳು. ಅವು ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಎರಡನೆಯದು, ಸಬ್‌ರಿಜಿಸ್ಟ್ರಾರ್ ನೋಂದಣಿ ಮಾಡಿದರು ಎಂದ ಮೇಲೆ ಜಮೀನು ಶುದ್ಧ ಎಂಬುದು. ಅದೂ ಅಲ್ಲ. ಅವರು ನೋಂದಾಯಿಸುವುದು ನಿಮ್ಮಿಬ್ಬರ ನಡುವಿನ ಪತ್ರವನ್ನು. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ.

ಮೂರನೆಯದೇ ಹೆಚ್ಚು ಜನರನ್ನು ಕೆಡಿಸಿದ್ದು. ‘ಡಿಸಿ ಕನ್ವರ್ಷನ್ ಆಗಿದೆ ಸಾರ್’ ಎಂದರೆ ಅಲ್ಲಿಗೆ ಮಾತು ಮುಗಿಯಿತು ಎಂದು ಭಾವಿಸುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆಗುವ ಭೂಪರಿವರ್ತನೆ ಹೇಳುವುದಿಷ್ಟೇ: ಈ ಜಮೀನನ್ನು ಇನ್ನು ಬೇಸಾಯವಲ್ಲದ ಕೆಲಸಕ್ಕೆ ಬಳಸಬಹುದು. ಅದರಲ್ಲಿ ಸೈಟು ಮಾಡಿ ಮಾರಲು ಯೋಜನಾ ಪ್ರಾಧಿಕಾರದಿಂದ ಲೇಔಟಿನ ನಕ್ಷೆಗೆ ಮಂಜೂರಾತಿ ಬೇಕು. ಜಾಗಕ್ಕೆ ತಕ್ಕಂತೆ ಅದು ಬಿಡಿಎ ಇರಬಹುದು, ಆನೇಕಲ್, ಹೊಸಕೋಟೆ, ನೆಲಮಂಗಲ, ಕನಕಪುರದ ಯೋಜನಾ ಪ್ರಾಧಿಕಾರಗಳಿರಬಹುದು, ವಿಮಾನ ನಿಲ್ದಾಣದ ಸುತ್ತಲಿನದಾದರೆ ಅಲ್ಲಿನ ಪ್ರಾಧಿಕಾರ. ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರವೂ ನೋಂದಣಿಯಾಗಿರಬೇಕು. ಇದ್ಯಾವುದೂ ಇಲ್ಲದೆ ಕಲ್ಲು ನೆಟ್ಟು ಮಾರಿದ್ದೇ ರೆವಿನ್ಯೂ ಸೈಟು. ನಿಮ್ಮ ಮನೆ ಮುಂದಿನ ಮೂವತ್ತಡಿ ರಸ್ತೆ ಇನ್ನೂ ಹಳೆಯ ರೈತರ ಹೆಸರಿನಲ್ಲೇ ಇರುವ ಸಾಧ್ಯತೆ ಅಲ್ಲಿ ನಿಜವಾದದ್ದು.

‘ಮುಂದೆ ಸಕ್ರಮ ಮಾಡ್ತಾರೆ’ ಎಂಬುದು ನಾಲ್ಕನೆಯದು. ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಅದನ್ನೇ ನೆಚ್ಚಿ ಕೊಂಡವರು ಕಾಯುತ್ತ ಕೂತರು. ಅದರ ಮೇಲೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಕೂಡದು ಎಂದಿತು. 2025ರಲ್ಲಿ ಬೆಂಗಳೂರಿನ ಸುತ್ತ ಸಾವಿರಾರು ಹೊಸ ಮನೆಗಳು ಗೃಹಪ್ರವೇಶಕ್ಕೆ ಸಿದ್ಧವಾಗಿ ಕಾಯಂ ಕರೆಂಟಿಲ್ಲದೆ ನಿಂತವು. ಸಣ್ಣ ಸೈಟಿನ ಮನೆಗಳಿಗೆ ವಿನಾಯಿತಿ ಕೊಡಲು ಆಮೇಲೆ ಸರ್ಕಾರ ಮುಂದಾಯಿತಾದರೂ ಸರ್ಕಾರದ ದಯೆಯನ್ನು ನಂಬಿ ತಳಪಾಯ ಹಾಕಬಾರದು.

ಕೊನೆಯದು ಹಳೆಯ ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಆ ಮಾರಾಟವೇ ಅಸಿಂಧು. 1978ರ ಪಿಟಿಸಿಎಲ್ ಕಾಯ್ದೆ ಇರುವುದು ಆ ಕುಟುಂಬಗಳ ರಕ್ಷಣೆಗೆ, ಇರಬೇಕಾದ್ದೂ ಹಾಗೆಯೇ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯಿಲ್ಲ. ‘ಮೂವತ್ತು ವರ್ಷದ ಹಿಂದಿನ ಮಾತು ಬಿಡಿ’ ಎಂದು ಯಾರಾದರೂ ಹೇಳಿದರೆ ಬಿಡಬೇಡಿ. ಮೂಲ ಮಂಜೂರಾತಿಯ ಕಡತದವರೆಗೂ ಹೋಗಿ ನೋಡುವ ವಕೀಲರನ್ನು ಹಿಡಿಯಿರಿ. ಸೈಟು ಮಾರುವವರೇ ತೋರಿಸಿದ ವಕೀಲರು ಬೇಡ. ರೇರಾ ಸಂಖ್ಯೆ ಇದ್ದರೆ ಒಳ್ಳೆಯದೇ, 500 ಚದರ ಮೀಟರ್ ಮೀರಿದ ಲೇಔಟಿಗೆ ಅದು ಕಡ್ಡಾಯ. ಆದರೆ ನೋಂದಣಿ ಎಂದರೆ ರೇರಾ ಜಾಮೀನು ನಿಂತಿದೆ ಎಂದಲ್ಲ.

‘ಬೋರು ಹಾಕಿದರೆ ನೀರು, ಹೇಗೂ ಕಾವೇರಿ ಬರುತ್ತದೆ’

ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ: ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಈ ಸೀಮೆಯೆಲ್ಲ ಅತಿಬಳಕೆಯದು. ಅಂದರೆ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚನ್ನು ಮೇಲೆತ್ತುತ್ತಿದ್ದೇವೆ. ಇಲ್ಲಿನ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಂತಿರುವುದು ಅದರ ಬಿರುಕುಗಳಲ್ಲಿ. ಪಕ್ಕದ ಸೈಟಿನಲ್ಲಿ ನೀರು ಸಿಕ್ಕಿತೆಂದರೆ ನಿಮಗೂ ಸಿಗುತ್ತದೆ ಎಂದಲ್ಲ, ಇವತ್ತು ಸಿಕ್ಕದ್ದು ಮುಂದಿನ ಬೇಸಿಗೆಗೂ ಇರುತ್ತದೆ ಎಂದೂ ಅಲ್ಲ. 2024ರ ಮಾರ್ಚಿನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು.

ಕಾವೇರಿಯ ಮಾತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುವ ನೀರು ಅದು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಗರಕ್ಕೆ ಸೇರಿದ ಮೇಲೂ ಹದಿನೇಳು ವರ್ಷ. ಹಳೆಯ ಬಿಬಿಎಂಪಿ ಗಡಿಯಿಂದ ಆಚೆಗಿನ ಲೇಔಟಿಗೆ ‘ಕಾವೇರಿ ಬರುತ್ತೆ’ ಎನ್ನುವವರನ್ನು ಯಾವ ಯೋಜನೆಯ ಯಾವ ಹಂತದಲ್ಲಿ ಎಂದು ಕೇಳಿ ನೋಡಿ.

ಹಾಗಾದರೆ ಬದುಕುವುದು ಹೇಗೆ? ಇಲ್ಲಿ ಊರಾಚೆಯವರಿಗೆ ಒಂದು ಅನುಕೂಲವೂ ಇದೆ, ಸ್ವಂತ ತಾರಸಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವುದು ಸುಮಾರು 90 ಸಾವಿರ ಲೀಟರ್. ಸೋರಿದ್ದು, ಆರಿದ್ದು ಬಿಟ್ಟರೂ 70 ಸಾವಿರ ಕೈಗೆ ಸಿಗಬಹುದು. ತಲಾ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಬೇಕಾದ್ದು ಸುಮಾರು ಎರಡು ಲಕ್ಷ. ಮೂರರಲ್ಲಿ ಒಂದು ಪಾಲು ಮಳೆಯೇ ಕೊಡುತ್ತದೆ, ಅದನ್ನು ತುಂಬಿಕೊಳ್ಳುವಷ್ಟು ದೊಡ್ಡ ಸಂಪು ಇದ್ದರೆ. ಉಳಿದದ್ದಕ್ಕೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 12 ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ, ಹತ್ತರವರೆಗೆ 1,200 ಎಂದು ದರ ಗೊತ್ತುಮಾಡಿತ್ತು. ಮನೆ ನೋಡಲು ಹೋಗುವುದಾದರೆ ಅಕ್ಟೋಬರಿನಲ್ಲಿ ಹೋಗಬೇಡಿ, ಏಪ್ರಿಲಿನಲ್ಲಿ ಹೋಗಿ ಟ್ಯಾಂಕರಿನವರ ದರ ಕೇಳಿ.

‘ಗಾಳಿಯಾದರೂ ಶುದ್ಧ’

ಎಲ್ಲಿ ಎಂಬುದರ ಮೇಲೆ. ಜಲ್ಲಿ ಕ್ರಷರ್, ಟಿಪ್ಪರ್ ಓಡಾಟ, ಬಯಲಲ್ಲಿ ಸುಡುವ ಕಸ ಇವೆಲ್ಲ ಇರುವುದು ಊರಾಚೆಯೇ. ನಗರದ ಕಸ ಬಹುಕಾಲ ಹೋಗಿ ಬಿದ್ದದ್ದು ಮಾವಳ್ಳಿಪುರ, ಮಂಡೂರುಗಳಲ್ಲಿ. ಅಲ್ಲಿನ ಜನ ಹೋರಾಡಿದ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಲಾರಿಗಳು ನಿಂತವು. ಸೈಟಿನಿಂದ ಐದು ಕಿಲೋಮೀಟರ್ ಸುತ್ತ ಒಮ್ಮೆ ಗಾಡಿಯಲ್ಲಿ ತಿರುಗಿದರೆ ಸಾಕು.

‘ಈಗ ನಮ್ಮದೂ ಗ್ರೇಟರ್ ಬೆಂಗಳೂರು’

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಬಂದ ಐದು ಪಾಲಿಕೆಗಳು ಹಳೆಯ ಬಿಬಿಎಂಪಿ ಪ್ರದೇಶವನ್ನೇ ಹಂಚಿಕೊಂಡವು. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದೂ ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದೂ ಅದೇ ವರ್ಷ ಹೆಸರು ನಿಶ್ಚಯವಾಯಿತು. ಹೆಸರು ಬದಲಾದ ಮರುದಿನವೂ ಬಸ್ಸು ಹಿಂದಿನ ಹೊತ್ತಿಗೇ ಬಂತು, ಸೈಟಿನ ಬೆಲೆ ಮಾತ್ರ ಏರಿತು.

‘ಊರಾಚೆ ಹೋದವರೆಲ್ಲ ಪಶ್ಚಾತ್ತಾಪ ಪಡುತ್ತಾರೆ’

ಇದು ನಗರದೊಳಗೆ ಕೂತವರ ಮೂಢನಂಬಿಕೆ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ಊರು ಬಿಡದೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಬಂದು ದುಡಿದರು, ಈಗಲೂ ದುಡಿಯುತ್ತಾರೆ. ಒಂದು ದಿಕ್ಕಿಗೆ ನೂರು ಕಿಲೋಮೀಟರ್ ಆಸುಪಾಸು. ಸುಲಭದ ಬದುಕು ಅದಲ್ಲ, ಬೆಳಗಿನ ಜಾವಕ್ಕೆ ಏಳಬೇಕು. ಆದರೂ ಸ್ವಂತ ಮನೆ, ಗೊತ್ತಿರುವ ಜನ, ತಮ್ಮದೇ ಊರು ಉಳಿಯಿತು. ತುಮಕೂರಿನಿಂದ, ರಾಮನಗರದಿಂದ, ಬಂಗಾರಪೇಟೆಯಿಂದ ಬರುವವರದೂ ಇದೇ ದಾರಿ. ರೈಲಿನ ತಿಂಗಳ ಸೀಸನ್ ಟಿಕೆಟ್ಟಿನ ಬೆಲೆ ಕಾರಿನ ಒಂದೆರಡು ದಿನದ ಪೆಟ್ರೋಲಿಗೆ ಸಮ. ಜೊತೆಗೆ ಇಸ್ಪೀಟು, ಹರಟೆ, ನಿದ್ದೆ.

ಇವರೆಲ್ಲ ಬರುವುದು ಹಳೆಯ ಪಟ್ಟಣಗಳಿಂದ ಎಂಬುದನ್ನು ಗಮನಿಸಿ. ಬಸ್ ನಿಲ್ದಾಣ, ಸಂತೆ, ಸರ್ಕಾರಿ ಆಸ್ಪತ್ರೆ, ಕಾಲೇಜು, ರಾತ್ರಿ ಹತ್ತರವರೆಗೆ ತೆರೆದ ಹೋಟೆಲು ಅಲ್ಲಿ ಆಗಲೇ ಇವೆ. ಬೆಂಗಳೂರಿನಿಂದ 70 ಕಿಲೋಮೀಟರ್ ದೂರದ ತುಮಕೂರಿನಲ್ಲಿ ಇರುವವರಿಗೆ ದಿನದ ಅಗತ್ಯಗಳು ಕಾಲ್ನಡಿಗೆಯ ದೂರದಲ್ಲಿ. 30 ಕಿಲೋಮೀಟರ್ ದೂರದ ಒಂಟಿ ಲೇಔಟಿನವರಿಗೆ ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೆಯಬೇಕು. ನನ್ನ ಅಭಿಪ್ರಾಯ ಇಷ್ಟು ನೇರ: ದೂರ ಹೋಗುವುದಾದರೆ ಊರಿಗೆ ಹೋಗಿ, ಬಯಲಿಗೆ ಬೇಡ.

ದೂರದ ಭಾರವನ್ನು ತಗ್ಗಿಸಿದ ಇನ್ನೆರಡು ಸಂಗತಿಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಬರುವವರು ಬಾಡಿಗೆ ಕಡಿಮೆಯಿರುವ ಕಡೆ ನೆಲೆಸಲು ಅದು ದಾರಿ ಮಾಡಿತು. ಬಸ್ಸು ಹೊತ್ತಿಗೆ ಬಂದರೆ. ಇನ್ನೊಂದು, ಕಚೇರಿಗೆ ವಾರಕ್ಕೆ ಎಷ್ಟು ದಿನ ಹೋಗಬೇಕು ಎಂಬುದು. ವಾರಕ್ಕೆ ಎರಡು ದಿನ 35 ಕಿಲೋಮೀಟರ್ ಹೋಗಿಬರುವುದೂ ಐದು ದಿನ 14 ಕಿಲೋಮೀಟರ್ ಹೋಗಿಬರುವುದೂ ಓಡಾಟದ ಲೆಕ್ಕದಲ್ಲಿ ಒಂದೇ. ಆದರೆ ಆ ಎರಡು ದಿನವನ್ನು ಐದು ಮಾಡುವ ಅಧಿಕಾರ ಕಂಪನಿಯದು, ಇಪ್ಪತ್ತು ವರ್ಷದ ಕಂತು ನಿಮ್ಮದು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಎಂದು ನಂಬಿ ಊರಾಚೆ ಹೋದವರಲ್ಲಿ ಹಲವರಿಗೆ ಇದು ಚೆನ್ನಾಗಿ ಗೊತ್ತು.

ಹೋಗಬೇಕೆಂಬ ಮನಸ್ಸಿದ್ದರೆ ಕೊಳ್ಳುವ ಮೊದಲು ಆ ಸುತ್ತಿನಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು, ಒಂದು ಬೇಸಿಗೆ ಒಂದು ಮಳೆಗಾಲ ಕಳೆದು ನೋಡಿ. ಊರಾಚೆ ಬಾಡಿಗೆ ಅಗ್ಗ, ಬಿಟ್ಟು ಬರುವುದೂ ಸುಲಭ. ಅದು ಆಗದಿದ್ದರೆ ಕನಿಷ್ಠ ಸೋಮವಾರ ಬೆಳಗ್ಗೆ ಎಂಟಕ್ಕೆ ಅಲ್ಲಿಂದ ಕಚೇರಿಗೆ ಹೊರಟು ನೋಡಿ, ಮನೆಯ ಹೆಂಗಸರನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿ ಇಡೀ ಒಂದು ಹಗಲು ಅಲ್ಲಿ ಇದ್ದು ಬನ್ನಿ. ಮುಂಗಡದ ಚೆಕ್ಕಿಗೆ ಸಹಿ ಹಾಕುವವರು ನೀವೇ ಇರಬಹುದು. ಬೇಡ ಎನ್ನುವ ಹಕ್ಕು ಆ ಮನೆಯಲ್ಲಿ ಹೆಚ್ಚು ಹೊತ್ತು ಇರಬೇಕಾದವರಿಗೆ ಇರಲಿ.